ಅಪ್ಪ ಆರಿಸಿದ ಕಲ್ಲು

ಹೋದ ಮಳೆಗಾಲದಲ್ಲಿ ಅಪ್ಪ ಗೇಟಿನಿಂದ ಮನೆ ಬಾಗಿಲಿಗೆ ಬರುವ ದಾರಿಯಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತು ಅಷ್ಟೆ. ಆದರೆ ಆಮೇಲೆ ಮಳೆ ಬಂದ ದಿನ ಹೊರಗೆ ಕಾಲಿಡುವುದನ್ನೇ ಬಿಟ್ಟರು. ಕಿಟಕಿ ಪಕ್ಕ ಕೂತು ಒದ್ದೆ ಟೈಲ್ಸ್ ನೋಡುತ್ತಿದ್ದರು. ಆ ನುಣುಪಾದ ಟೈಲ್ಸ್ ಇಷ್ಟಪಟ್ಟು ಹಾಕಿಸಿದವನು ನಾನು. ಅವರು ಹಾಗೆ ಕೂತಿದ್ದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತು. ಮಳೆ ನಿಂತ ಮೇಲೆ ಟೈಲ್ಸ್ ಪೂರ್ತಿ ಕೀಳಿಸಿದೆ.

ಅಲ್ಲಿ ಏನು ಹಾಕುವುದು ಅಂತ ಮೇಸ್ತ್ರಿಯನ್ನು ಕೇಳಿದೆ. "ಜಲ್ಲಿ ಕಾಣೋ ಹಾಗೆ ಕಾಂಕ್ರೀಟ್ ಮಾಡೋಣ ಸರ್, ಮೇಲೆ ತೊಳೆದು. ಎಷ್ಟು ಮಳೆ ಬಂದ್ರೂ ಕಾಲು ಹಿಡಿಯುತ್ತೆ" ಅಂದರು. ಅಂಥ ದಾರಿಯ ಮೇಲೆ ನಾನೂ ಎಷ್ಟೋ ಸಲ ನಡೆದಿದ್ದೆ. ಸಣ್ಣ ಸಣ್ಣ ಉರುಟು ಕಲ್ಲು ಒತ್ತಾಗಿ ಕೂತಿರುತ್ತವೆ, ಅವುಗಳ ನಡುವೆ ತೆಳ್ಳಗೆ ಸಿಮೆಂಟ್. ಕಲ್ಲನ್ನು ಒಂದೊಂದಾಗಿ ಅಂಟಿಸುತ್ತಾರೆ ಅಂತ ಅಂದುಕೊಂಡಿದ್ದೆ. ಹಾಗಲ್ಲವಂತೆ. ಕಲ್ಲು ಕಾಂಕ್ರೀಟ್ ಒಳಗೇ ಇರುತ್ತದೆ, ಮೇಲಿನ ಸಿಮೆಂಟ್ ಪದರವನ್ನು ಸರಿಯಾದ ಹೊತ್ತಿಗೆ ತೊಳೆದು ತೆಗೆಯುತ್ತಾರೆ. ಆ ಸರಿಯಾದ ಹೊತ್ತು ಯಾವುದು ಅನ್ನುವುದರಲ್ಲೇ ಇಡೀ ಕೆಲಸ ಇದೆ.

ಮೇಸ್ತ್ರಿ ಮೊದಲು ಮಾದರಿ ಮಾಡಿ ನೋಡಲೇಬೇಕು ಅಂತ ಹಟ ಹಿಡಿದರು. ಎರಡು ಅಡಿ ಚೌಕದ ಮರದ ಚೌಕಟ್ಟಿನಲ್ಲಿ ಮೂರು ಮಾದರಿ ಹಾಕಿದೆವು. ಮೊದಲನೆಯದನ್ನು ರಾತ್ರಿಯೆಲ್ಲ ಹಾಗೇ ಬಿಟ್ಟೆವು. ಬೆಳಿಗ್ಗೆ ಎಷ್ಟು ಉಜ್ಜಿದರೂ ಒಂದು ಕಲ್ಲೂ ಕಾಣಲಿಲ್ಲ, ಸಿಮೆಂಟ್ ಬಂಡೆಯಾಗಿತ್ತು. ಎರಡನೆಯದನ್ನು ಎರಡೇ ಗಂಟೆಗೆ ತೊಳೆದೆವು. ಸಿಮೆಂಟ್ ಜೊತೆ ಕಲ್ಲೂ ಕಿತ್ತು ಬಂತು. ಮೂರನೆಯದಕ್ಕೆ ಮೇಲೆ ರಿಟಾರ್ಡರ್ ಸಿಂಪಡಿಸಿ ಐದು ಗಂಟೆ ಕಾದೆವು. ಅದು ಮಾತ್ರ ಚೆಂದ ಬಂತು.

ರಿಟಾರ್ಡರ್ ಅಂದರೆ ಸಿಮೆಂಟ್ ಗಟ್ಟಿಯಾಗುವುದನ್ನು ತಡಮಾಡುವ ದ್ರವ. ಸಕ್ಕರೆಗೂ ಈ ಗುಣ ಇದೆ. ಅದು ಸಿಮೆಂಟ್ ಕಣಗಳ ಸುತ್ತ ಕೂತು, ನೀರಿನ ಜೊತೆ ನಡೆಯುವ ಕ್ರಿಯೆಯನ್ನು ನಿಧಾನ ಮಾಡುತ್ತದೆ. ಮೇಸ್ತ್ರಿ ಹಿಂದೆಲ್ಲ ಸಕ್ಕರೆ ನೀರನ್ನೇ ಚಿಮುಕಿಸಿ ಈ ಕೆಲಸ ಮಾಡಿದ್ದರಂತೆ. ಆದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಿದ್ದರೆ ಕಲ್ಲು ಕಾಣುವ ಆಳವೂ ಹಾಗೇ ಏರುಪೇರಾಗುತ್ತದೆ. ಅದಕ್ಕೇ ಈ ಸಲ ತಯಾರಿ ದ್ರವವನ್ನೇ ತಂದರು. ಅದು ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದಕ್ಕೆ ತಕ್ಕಂತೆ ಬೇರೆ ಬೇರೆ ಬಗೆಯಲ್ಲಿ ಸಿಗುತ್ತದೆ. ಅದು ಇಳಿದಷ್ಟು ಪದರ ಮಾತ್ರ ಹಸಿಯಾಗಿ ಉಳಿಯುತ್ತದೆ, ಕೆಳಗಿನದು ತನ್ನ ಪಾಡಿಗೆ ಗಟ್ಟಿಯಾಗುತ್ತಾ ಹೋಗುತ್ತದೆ.

ಕಲ್ಲು ಆರಿಸುವ ಕೆಲಸವನ್ನು ಅಪ್ಪ ತಾವಾಗಿಯೇ ಕೈಗೆ ತಗೊಂಡರು. 10 ಮಿಲಿಮೀಟರ್ ಆಸುಪಾಸಿನ ಉರುಟು ಕಲ್ಲು ತರಿಸಿದ್ದೆವು. ಕಂದು, ಬೂದು, ನಡುನಡುವೆ ಬೆಣಚು. ಚಪ್ಪಟೆ ಕಲ್ಲು ಬೇಡ ಅಂತ ಮೇಸ್ತ್ರಿ ಹೇಳಿದ್ದರು, ಅದು ಮಲಗಿಕೊಂಡುಬಿಟ್ಟರೆ ಸಿಮೆಂಟ್ ಹಿಡಿತ ಸಿಗುವುದಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು, ಮಣೆ ಮೇಲೆ ಕೂತು, ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡಿ ಚಪ್ಪಟೆಯದನ್ನು ಪಕ್ಕಕ್ಕೆ ಹಾಕುತ್ತಿದ್ದರು. ನಾಲ್ಕು ದಿನ ಇದೇ ಕೆಲಸ. ಆರಿಸಿದ್ದನ್ನೆಲ್ಲ ಎರಡು ಸಲ ತೊಳೆದರು. ಕಲ್ಲಿಗೆ ದೂಳು ಮೆತ್ತಿಕೊಂಡಿದ್ದರೆ ಸಿಮೆಂಟ್ ಹಿಡಿಯುವುದು ದೂಳನ್ನು, ಕಲ್ಲನ್ನಲ್ಲ ಅಲ್ವಾ.

ಹಾಕುವ ದಿನ ಬೆಳಕು ಹರಿಯುವಷ್ಟರಲ್ಲಿ ಮೇಸ್ತ್ರಿ ಮತ್ತು ಅವರ ಇಬ್ಬರು ಹುಡುಗರು ಬಂದರು. ದಾರಿ ಒಂಬತ್ತು ಮೀಟರ್ ಉದ್ದ. ಒಂದೂವರೆ ಮೀಟರಿಗೊಂದರಂತೆ ಪಟ್ಟಿ ಇಟ್ಟು ಆರು ಅಂಕಣ ಮಾಡಿದ್ದರು. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಅದಕ್ಕೆ ಬಿರುಕು ಬಿಡಲು ನಾವೇ ಒಂದು ಜಾಗ ಕೊಡದಿದ್ದರೆ ಅದು ತನಗೆ ಬೇಕಾದ ಕಡೆ ಬಿಡುತ್ತದೆ. ಮೊದಲ ಮೂರು ಅಂಕಣ ಬಯಲಿನಲ್ಲಿವೆ, ಬಾಗಿಲ ಕಡೆಯ ಮೂರರ ಮೇಲೆ ಮರದ ನೆರಳು ಬೀಳುತ್ತದೆ. ಈ ನೆರಳಿನ ಬಗ್ಗೆ ನಾನಂತೂ ಯೋಚಿಸಿಯೇ ಇರಲಿಲ್ಲ.

100 ಮಿಲಿಮೀಟರ್ ದಪ್ಪಕ್ಕೆ ಕಾಂಕ್ರೀಟ್ ಸುರಿದು ಮಟ್ಟ ಮಾಡಿದರು. ಮೇಲೆ ಅಪ್ಪನ ಕಲ್ಲನ್ನು ಬೀಜ ಬಿತ್ತಿದ ಹಾಗೆ ಕೈಯಲ್ಲಿ ಎರಚಿದರು. ಮರದ ಹಲಗೆಯಿಂದ ಮೆಲ್ಲಗೆ ತಟ್ಟುತ್ತಾ ಬಂದ ಹಾಗೆ ಕಲ್ಲು ಒಳಗೆ ಇಳಿದು, ಮೇಲೆ ಸಿಮೆಂಟ್ ಹಾಲು ಬಂದು ಮುಚ್ಚಿತು. ಅಪ್ಪನಿಗೆ ತಡೆಯಲಾಗಲಿಲ್ಲ. "ಎಲ್ಲಾ ಮುಳುಗಿಸಿಬಿಟ್ರಲ್ರೀ" ಅಂದರು. "ಸಂಜೆ ಹೊತ್ತಿಗೆ ವಾಪಸ್ ಕೊಡ್ತೀನಿ ಯಜಮಾನ್ರೇ" ಅಂದರು ಮೇಸ್ತ್ರಿ. ಮೇಲೆ ಬಂದ ನೀರಿನ ಹೊಳಪು ಆರಿದ ಮೇಲೆ ರಿಟಾರ್ಡರ್ ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಕಣ್ಣಿಗೆ ಅದೊಂದು ಮಾಮೂಲಿ ಬೂದು ಕಾಂಕ್ರೀಟ್ ದಾರಿ, ಅಷ್ಟೆ.

ಕಾಯುವ ಹೊತ್ತಿನಲ್ಲಿ ಫೋನ್ ಹಿಡಿದು ಈ ಕೆಲಸದ ಹಿಂದಿನ ಕಥೆ ಓದುತ್ತಾ ಕೂತೆ. ಅಮೆರಿಕದ ಜಾನ್ ಅರ್ಲಿ ಅನ್ನುವವರ ಹೆಸರು ಅಲ್ಲಿ ಸಿಕ್ಕಿತು. ಕಲ್ಲು ಕೆತ್ತುವ ಮನೆತನದವರು. 1910ರ ದಶಕದಲ್ಲಿ ವಾಷಿಂಗ್ಟನ್‌ನ ಮೆರಿಡಿಯನ್ ಹಿಲ್ ಪಾರ್ಕ್‌ನ ಗೋಡೆಗಳನ್ನು ಅವರು ಕಾಂಕ್ರೀಟ್‌ನಲ್ಲಿ ಕಟ್ಟಿದರು. ಕಾಂಕ್ರೀಟ್ ಇನ್ನೂ ಹಸಿ ಇರುವಾಗಲೇ ಅಚ್ಚು ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ, ಒಳಗಿನ ನದಿಕಲ್ಲನ್ನು ಹೊರಗೆ ತಂದರು. ಅವರು ಕಂಡುಕೊಂಡ ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಎಲ್ಲಾ ಅಳತೆಯ ಜಲ್ಲಿ ಬೆರೆಸಿದರೆ ಮೇಲ್ಮೈ ಒಂದೇ ಸಮ ಕಾಣುವುದಿಲ್ಲ. ನಡುವಿನ ಅಳತೆಗಳನ್ನು ಬಿಟ್ಟು, ದಪ್ಪ ಕಲ್ಲು ಮತ್ತು ಸಣ್ಣ ಮರಳನ್ನು ಮಾತ್ರ ಸೇರಿಸಿದರೆ ದಪ್ಪ ಕಲ್ಲುಗಳು ಒತ್ತೊತ್ತಾಗಿ ಕೂತುಕೊಳ್ಳುತ್ತವೆ. ಶಿಕಾಗೋ ಹತ್ತಿರ ವಿಲ್ಮೆಟ್‌ನಲ್ಲಿರುವ ಬಹಾಯಿ ಮಂದಿರ 1953ರಲ್ಲಿ ತೆರೆಯಿತು. ಅದರ ಬಿಳಿ ಜಾಲರಿಯಂಥ ಹೊರಮೈ ಕೂಡ ಅವರ ಕಾರ್ಖಾನೆಯದೇ, ಬಿಳಿ ಸಿಮೆಂಟ್ ಮತ್ತು ಬೆಣಚುಕಲ್ಲಿನ ಕೆಲಸ. ಫೋಟೋ ನೋಡಿದರೆ ಕೆತ್ತಿದ ಕಲ್ಲು ಅಂತಲೇ ಅನಿಸುತ್ತದೆ.

ನಮಗೆಲ್ಲ ಗೊತ್ತಿರುವ ಮೊಸಾಯಿಕ್ ನೆಲವೂ ಇದರ ಹತ್ತಿರದ ನೆಂಟ. ಅಲ್ಲಿ ಗಟ್ಟಿಯಾದ ಮೇಲೆ ಮಷಿನ್‌ನಲ್ಲಿ ತಿಕ್ಕಿ ತಿಕ್ಕಿ ಕಲ್ಲಿನ ಹೊಟ್ಟೆಯನ್ನು ತೋರಿಸುತ್ತಾರೆ. ಇಲ್ಲಿ ಗಟ್ಟಿಯಾಗುವ ಮುಂಚೆ ತೊಳೆದು ಕಲ್ಲಿನ ಬೆನ್ನನ್ನು ತೋರಿಸುತ್ತಾರೆ. ಮೊಸಾಯಿಕ್ ಮನೆ ಒಳಗೆ ಚೆಂದ. ಮಳೆ ಬೀಳುವ ಜಾಗಕ್ಕೆ ಉಬ್ಬಿದ ಬೆನ್ನೇ ಬೇಕು. ರಬ್ಬರ್ ಅಚ್ಚು ಒತ್ತಿ ಕಾಂಕ್ರೀಟನ್ನು ಹಾಸುಗಲ್ಲಿನ ಹಾಗೆ ಮಾಡುವುದೂ ಉಂಟು. ಅದು ಸುಮ್ನೆ ಕಲ್ಲಿನ ವೇಷ ಅಂತ ನನಗೆ ಅನಿಸುತ್ತದೆ. ಇದರಲ್ಲಿ ಕಾಣುವುದು ನಿಜವಾದ ಕಲ್ಲು.

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಮೇಸ್ತ್ರಿ ಗೇಟಿನ ಕಡೆಯ ಹಾಳೆ ಎತ್ತಿದರು. ಒಂದು ಮೂಲೆಯಲ್ಲಿ ಹೆಬ್ಬೆರಳಿನಿಂದ ಉಜ್ಜಿದರು. ಮೇಲಿನ ಪದರ ಒದ್ದೆ ಮಣ್ಣಿನ ಹಾಗೆ ಸರಿಯಿತು. ಒಳಗಿನ ಕಲ್ಲನ್ನು ಉಗುರಿನಿಂದ ಮೀಟಿ ನೋಡಿದರು, ಅಲ್ಲಾಡಲಿಲ್ಲ. "ಬನ್ನಿ" ಅಂದರು. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟು ಹಾಕಿಕೊಂಡು ನಾನೂ ಇಳಿದೆ. ಹಸಿ ಸಿಮೆಂಟ್ ನೀರು ಚರ್ಮ ಸುಡುತ್ತದೆ, ಮುಟ್ಟಿದ ಕೂಡಲೇ ಉರಿಯದಿರುವುದರಿಂದ ಗೊತ್ತೇ ಆಗುವುದಿಲ್ಲ. ಮೇಸ್ತ್ರಿಯ ಬೆರಳ ತುದಿಗಳು ಬಿರಿದಿದ್ದನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಅವರಿಗೂ ಒಂದು ಜೊತೆ ಗ್ಲೌಸ್ ಕೊಟ್ಟೆ. ಮೊದಲು ಬೇಡ ಅಂದರು, ಆಮೇಲೆ ಹಾಕಿಕೊಂಡರು.

ಒಬ್ಬ ಹುಡುಗ ಪೈಪಿನಲ್ಲಿ ಸಣ್ಣಗೆ, ಹನಿಹನಿಯಾಗಿ ನೀರು ಬಿಡುತ್ತಿದ್ದ. ನಾನು ಗಡುಸಾದ ನೈಲಾನ್ ಬ್ರಷ್ ಹಿಡಿದು ಒಂದೇ ದಿಕ್ಕಿಗೆ ಎಳೆಯುತ್ತಿದ್ದೆ. ತಂತಿ ಬ್ರಷ್ ಬೇಡ ಅಂದಿದ್ದರು ಮೇಸ್ತ್ರಿ, ಉದುರಿದ ತಂತಿಯ ಚೂರು ಆಮೇಲೆ ತುಕ್ಕು ಕಲೆ ಬಿಡುತ್ತದೆ. ಬೂದು ನೀರು ಹರಿಯಿತು. ಮತ್ತೆ ಎಳೆದೆ, ಮತ್ತೆ ಬೂದು. ಮೂರನೇ ಸಲ ಬ್ರಷ್ ಹೋದ ಜಾಗದಲ್ಲಿ ಒಂದು ಕಂದು ಚುಕ್ಕೆ ಕಂಡಿತು. ನೀರು ಬಿದ್ದು ಅದು ದೊಡ್ಡದಾಯಿತು. ಕಂದು ಕಲ್ಲು, ಅದರ ಮೇಲೆ ದಾರದಷ್ಟು ತೆಳ್ಳಗಿನ ಬಿಳಿ ಗೆರೆ. ಪಕ್ಕದಲ್ಲಿ ಇನ್ನೊಂದು, ಆಮೇಲೆ ನಾಲ್ಕು, ಆಮೇಲೆ ಕೈಯಗಲದ ಜಾಗದ ತುಂಬಾ ಕಲ್ಲು. ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ಜೋರಾಗಿ ಕೂಗಿದೆ. ಅವರು ಕೋಲು ಊರಿಕೊಂಡು ಪಕ್ಕದ ಮಣ್ಣಿನ ಮೇಲೆ ನಡೆದು ಬಂದು, ಬಗ್ಗಿ, ಬಹಳ ಹೊತ್ತು ನೋಡಿದರು.

ತೊಳೆದ ನೀರು ಚರಂಡಿಗಾಗಲಿ, ಗಿಡದ ಬುಡಕ್ಕಾಗಲಿ ಹೋಗಬಾರದು. ಚರಂಡಿಯಲ್ಲಿ ಸಿಮೆಂಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆ ಕ್ಷಾರದ ನೀರಿಗೆ ಗಿಡವೂ ಉಳಿಯುವುದಿಲ್ಲ. ಅದಕ್ಕೆಂದೇ ಹಿಂದಿನ ದಿನ ಒಂದು ಗುಂಡಿ ತೋಡಿ ಪ್ಲಾಸ್ಟಿಕ್ ಹಾಸಿದ್ದೆವು.

ಮೂರು ಅಂಕಣ ಸಲೀಸಾಗಿ ಮುಗಿದವು. ಆ ಹುರುಪಿನಲ್ಲಿ ನಾನು ನಿಲ್ಲದೆ ನಾಲ್ಕನೆಯದಕ್ಕೆ ಬ್ರಷ್ ಹಾಕಿದೆ. ಎರಡೇ ಎಳೆತ. ಬ್ರಷ್ ಜೊತೆ ಏಳೆಂಟು ಕಲ್ಲು ಉರುಳಿಕೊಂಡು ಬಂದವು. ಅವು ಇದ್ದ ಜಾಗದಲ್ಲಿ ಒದ್ದೆ ಗುಳಿಗಳು. ಎದೆ ಧಸಕ್ಕೆಂದಿತು. "ನಿಲ್ಸಿ ಸರ್, ನಿಲ್ಸಿ!" ಮೇಸ್ತ್ರಿ ಓಡಿ ಬಂದರು. ಮೇಲೆ ನೋಡಿ ಮರ ತೋರಿಸಿದರು. "ಇಲ್ಲಿ ಬಿಸಿಲೇ ಬಿದ್ದಿಲ್ಲ. ಸುರಿದದ್ದೂ ಕೊನೆಗೆ. ಇನ್ನೂ ಹಸಿ ಇದೆ, ಕಲ್ಲು ಹಿಡ್ಕೊಂಡಿಲ್ಲ."

ಒಂದೇ ಸಿಮೆಂಟ್, ಒಂದೇ ನೀರು, ಒಂದೇ ದ್ರವ. ಬಿಸಿಲಿನ ಕಡೆ ಬೇಗ ಸೆಟ್ ಆಗುತ್ತದೆ, ನೆರಳಿನ ಕಡೆ ತಡವಾಗುತ್ತದೆ. ಮೊದಲ ಮೂರಕ್ಕೆ ಸರಿಹೋದ ಗಡಿಯಾರ ನಾಲ್ಕನೆಯದಕ್ಕೆ ಸರಿಹೋಗಲಿಲ್ಲ. ಗಂಟೆ ನೋಡಿ ಮಾಡುವ ಕೆಲಸವಲ್ಲ ಇದು, ಪ್ರತಿ ಅಂಕಣವನ್ನೂ ಬೆರಳಲ್ಲಿ ಮುಟ್ಟಿ ಕೇಳಬೇಕು. ಮೇಸ್ತ್ರಿ ಅದನ್ನೇ ಮಾಡಿದ್ದರು, ನಾನು ನೋಡಿಯೂ ಗಮನಿಸಿರಲಿಲ್ಲ.

ಅವರು ನನಗೆ ಒಂದು ಮಾತೂ ಆಡಲಿಲ್ಲ. ಮಂಡಿಯೂರಿ ಕೂತು, ಸ್ವಲ್ಪ ಸಿಮೆಂಟ್ ಕಲಸಿ ಗುಳಿಗಳಿಗೆ ತುಂಬಿ, ಕಿತ್ತು ಬಂದ ಕಲ್ಲನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿದರು. ಹಾಳೆ ಮತ್ತೆ ಮುಚ್ಚಿದರು. ಇನ್ನೂ ಒಂದೂವರೆ ಗಂಟೆ ಕಾದೆವು. ಹತ್ತು ನಿಮಿಷಕ್ಕೊಮ್ಮೆ ಅವರು ಹೋಗಿ ಮೂಲೆ ಮುಟ್ಟಿ ನೋಡಿ ಬರುತ್ತಿದ್ದರು. ಆರನೇ ಅಂಕಣ ಮುಗಿಯುವಾಗ ಕತ್ತಲಾಗಿ, ದೀಪ ಹಿಡಿದು ತೊಳೆದೆವು. 10 ಮಿಲಿಮೀಟರ್ ಕಲ್ಲು 3 ಮಿಲಿಮೀಟರ್‌ನಷ್ಟು ಮಾತ್ರ ಹೊರಗೆ ಕಾಣಬೇಕು ಅಂತ ಅವರ ಲೆಕ್ಕ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆರೆದರೆ ಮುಂದೆ ಕಲ್ಲು ಕಿತ್ತು ಬರುತ್ತದೆ. ದೀಪದ ಬೆಳಕಿನಲ್ಲಿ ಅವರು ಅದನ್ನು ಅಂಗೈ ಆಡಿಸಿಯೇ ಅಳೆದರು.

ಮರುದಿನ ದಾರಿ ಒಣಗಿದಾಗ ಕಲ್ಲಿನ ಮೇಲೆ ತೆಳ್ಳಗೆ ಬಿಳಿ ಮಬ್ಬು ಉಳಿದಿತ್ತು. ಇದನ್ನು ಕೆಲವು ದಿನ ಬಿಟ್ಟು ನೀರು ಬೆರೆಸಿದ ಆಸಿಡ್‌ನಿಂದ ತೆಗೆಯುವುದು ವಾಡಿಕೆ. ಉಳಿದಿದ್ದ ಕಲ್ಲುಗಳ ಮೇಲೆ ಒಂದೊಂದು ಹನಿ ಹಾಕಿ ನೋಡಿದೆವು. ಬೆಣಚು ಸುಮ್ಮನಿತ್ತು. ಮಂಕು ಬಿಳಿಯ ಒಂದೆರಡು ಕಲ್ಲು ಮಾತ್ರ ಬುರುಬುರು ನೊರೆ ಬಿಟ್ಟವು. ಸುಣ್ಣದ ಕಲ್ಲು. ಆಸಿಡ್ ಹಾಕಿದರೆ ಅದನ್ನು ತಿಂದು ಹಾಕುತ್ತದೆ. ಹಾಗಾಗಿ ಆಸಿಡ್ ಬೇಡವೇ ಬೇಡ ಅಂದೆ. ಬರೀ ನೀರು, ಬ್ರಷ್ ಹಿಡಿದು ಇನ್ನೊಮ್ಮೆ ಉಜ್ಜಿದೆವು. ಮುಕ್ಕಾಲು ಪಾಲು ಹೋಯಿತು. ಒಂದು ವಾರ ಗೋಣಿಚೀಲ ಹೊದಿಸಿ ನೀರು ಹಾಯಿಸಿದೆವು. 28 ದಿನ ಕಳೆದ ಮೇಲೆ ಸೀಲರ್, ಅಂದರೆ ಮೇಲ್ಮೈ ಕಾಪಾಡುವ ದ್ರವ, ಬಳಿದೆವು. ಹೊಳಪು ಕೊಡುವ ಸೀಲರ್ ಬಳಿದರೆ ಬಣ್ಣ ಎದ್ದು ಕಾಣುತ್ತದೆ ನಿಜ, ಆದರೆ ಒದ್ದೆಯಾದಾಗ ಜಾರುತ್ತದೆ. ಜಾರಬಾರದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಒಳಗೆ ಇಂಗಿ ಮರೆಯಾಗುವ ಬಗೆಯದನ್ನೇ ಬಳಿಸಿದೆ.

ಮೊದಲ ಮಳೆ ಬಂದದ್ದು ಒಂದು ಸಂಜೆ. ನಿಂತ ಕೂಡಲೇ ಅಪ್ಪ ಕೋಲು ಹಿಡಿದು ಹೊರಟರು. ನಾನು ಎರಡು ಹೆಜ್ಜೆ ಹಿಂದೆ. ಒದ್ದೆಯಾದ ಕಲ್ಲುಗಳು ತೊಳೆದ ದಿನದ ಬಣ್ಣಕ್ಕೇ ಬಂದಿದ್ದವು. ಅವರು ನಾಲ್ಕನೇ ಅಂಕಣದಲ್ಲಿ ನಿಂತರು, ಬಗ್ಗಿದರು. ಮೇಸ್ತ್ರಿ ಹೆಬ್ಬೆರಳಲ್ಲಿ ಒತ್ತಿದ ಆ ಏಳೆಂಟು ಕಲ್ಲುಗಳ ನಡುವೆ ಒಂದು ಚಪ್ಪಟೆ ಕಲ್ಲು ಇತ್ತು.

"ಇದನ್ನ ನಾನು ತೆಗೆದು ಹಾಕಿದ್ದೆನಲ್ಲೋ" ಅಂದರು. ಕೋಲಿನ ತುದಿಯಿಂದ ಅದನ್ನು ಮೀಟಿ ನೋಡಿದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಅದು ಕದಲಲಿಲ್ಲ. "ಇರ್ಲಿ ಬಿಡು" ಅಂದು, ಅದರ ಮೇಲೇ ಕಾಲಿಟ್ಟು ಗೇಟಿನವರೆಗೆ ನಡೆದರು.