ಸ್ಟೀರಾಯ್ಡ್ ಮಾತ್ರೆ ಬೆಳಗ್ಗೆಯೇ ಯಾಕೆ?

ಗೋಣಿಕೊಪ್ಪದಲ್ಲಿ ನನ್ನದು ಔಷಧಿ ಅಂಗಡಿ. ಪ್ರೆಡ್ನಿಸೋಲೋನ್ ಬರೆದ ಚೀಟಿ ಬಂದರೆ ಎಷ್ಟೇ ರಶ್ ಇದ್ದರೂ ಒಂದು ನಿಮಿಷ ನಿಂತು ಮಾತಾಡುತ್ತೇನೆ. ದಮ್ಮು, ಕೀಲುನೋವು, ಚರ್ಮದ ಕಾಯಿಲೆ, ಹೀಗೆ ಹಲವು ತೊಂದರೆಗೆ ಕೊಡುವ ಸ್ಟೀರಾಯ್ಡ್ ಇದು. ದಿನಕ್ಕೆ ಒಂದೇ ಸಲ ಅಂತಿದ್ದರೆ ಸಾಮಾನ್ಯವಾಗಿ ಬೆಳಗ್ಗೆ, ತಿಂಡಿ ಆದ ಮೇಲೆ. "ಬೆಳಗ್ಗೆ ತೋಟಕ್ಕೆ ಓಡೋ ಗಡಿಬಿಡಿ ಅಣ್ಣ, ರಾತ್ರಿ ತಗೊಂಡ್ರೆ ಆಗಲ್ವಾ?" ಅಂತ ಕೇಳುವವರೇ ಜಾಸ್ತಿ. ನಿದ್ದೆ ಕೆಡುತ್ತದೆ ಅಂದರೆ ಒಪ್ಪುತ್ತಾರೆ. ಆದರೆ ಕಾರಣ ಅಷ್ಟೇ ಅಲ್ಲ.

ನಮ್ಮ ದೇಹವೇ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನ್ ತಯಾರಿಸುತ್ತದೆ. ನಡುರಾತ್ರಿ ಅದು ತೀರಾ ಕಡಿಮೆ, ಏಳುವ ಹೊತ್ತಿಗೆ ಜಾಸ್ತಿ. ಅದನ್ನು ಹಿಡಿಯಲು ಜೀವಕೋಶದಲ್ಲಿ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನ್ ಇದೆ. ಕಾರ್ಟಿಸಾಲ್ ಅಂಟಿಕೊಂಡರೆ ಅದು ನ್ಯೂಕ್ಲಿಯಸ್ ಒಳಗೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ಹಾಗೆ ಅದು ಚುರುಕುಗೊಳಿಸುವ ಜೀನ್‌ಗಳಲ್ಲಿ ಪರ್-1 ಒಂದು. ದೇಹದ ಗಡಿಯಾರದ, ಅಂದರೆ ಹಗಲು-ರಾತ್ರಿಯ ಲಯ ನಡೆಸುವ ವ್ಯವಸ್ಥೆಯ, ಮುಖ್ಯ ಜೀನ್ ಅದು. ಮಾತ್ರೆ ಹಿಡಿಯುವುದೂ ಇದೇ ರಿಸೆಪ್ಟರನ್ನು. ಅದಕ್ಕೇ ದೇಹದ ಕಾರ್ಟಿಸಾಲ್ ಜಾಸ್ತಿ ಇರುವ ಬೆಳಗ್ಗೆ ಹೊತ್ತಿಗೇ ಮಾತ್ರೆಯನ್ನೂ ಹೊಂದಿಸುವುದು.

2000ದಲ್ಲಿ ಜಿನೀವಾದ ವಿಜ್ಞಾನಿ ಉಯೆಲಿ ಶಿಬ್ಲರ್ ತಂಡ ಇಲಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಕೊಟ್ಟು ನೋಡಿತು. ಲಿವರ್, ಕಿಡ್ನಿ, ಹೃದಯದ ಗಡಿಯಾರಗಳು ಹಿಂದೆ ಮುಂದೆ ಸರಿದವು. ಮೆದುಳಿನ ಮುಖ್ಯ ಗಡಿಯಾರ ಮಾತ್ರ ಸರಿಯಲಿಲ್ಲ. ಅಲ್ಲಿನ ನರಕೋಶಗಳಲ್ಲಿ ಈ ರಿಸೆಪ್ಟರ್ ಇಲ್ಲ! ಅಂದರೆ ಮೆದುಳು ಒಂದು ಹೊತ್ತು ಹೇಳುತ್ತಿರುವಾಗ ಲಿವರ್ ಇನ್ನೊಂದು ಹೊತ್ತಿಗೆ ಹೋಗಬಹುದು. ಇದನ್ನು ಓದಿದ ಮೇಲೆ ಚೀಟಿಯಲ್ಲಿ ಬರೆದ ಹೊತ್ತನ್ನು ನಾನು ಡೋಸ್‌ನಷ್ಟೇ ಗಂಭೀರವಾಗಿ ನೋಡುತ್ತೇನೆ.

ಇದೇ ರಿಸೆಪ್ಟರ್ ಕುಟುಂಬದ ಇನ್ನಿಬ್ಬರು ಗಡಿಯಾರದ ಒಳಗೇ ಇದ್ದಾರೆ. ಗಡಿಯಾರದ ಇನ್ನೊಂದು ಜೀನ್ ಆದ ಬಿಮಾಲ್-1ನ್ನು ರೋರ್ ಏರಿಸುತ್ತದೆ, ರೆವ್-ಅರ್ಬ್ ಇಳಿಸುತ್ತದೆ. ಎರಡೂ ಕೂರುವುದು ಒಂದೇ ಜಾಗದಲ್ಲಿ. ಬಿಮಾಲ್-1 ತನ್ನ ಜೊತೆಗಾರ ಕ್ಲಾಕ್ ಜೊತೆ ಸೇರಿ ರೆವ್-ಅರ್ಬನ್ನು ಹುಟ್ಟಿಸುತ್ತದೆ, ಅದೇ ಬಂದು ಬಿಮಾಲ್-1ರ ಬಾಯಿ ಮುಚ್ಚಿಸುತ್ತದೆ. ಎಂಥ ಚಂದದ ಏರ್ಪಾಡು ಅಲ್ವಾ?

ನಮ್ಮ ಕಡೆ ಇನ್ನೊಂದು ವಿಷಯ ಇದೆ. ತೋಟ, ಗದ್ದೆಗೆ ಆನೆ ಬರದಂತೆ ರಾತ್ರಿಯಿಡೀ ಕಾಯುವವರು ಬೆಳಗ್ಗೆ ಮಲಗುತ್ತಾರೆ. ಅವರಿಗೆ ಸುಮ್ನೆ "ಬೆಳಗ್ಗೆ ಒಂದು" ಅಂದರೆ ಸಾಲದು. ಹಾಗಾಗಿ ಸ್ಟೀರಾಯ್ಡ್ ಕೊಡುವ ಮೊದಲು ಎಷ್ಟು ಗಂಟೆಗೆ ಮಲಗ್ತೀರಿ, ಎಷ್ಟಕ್ಕೆ ಏಳ್ತೀರಿ ಅಂತ ಕೇಳುತ್ತೇನೆ. ರಾತ್ರಿ ಪಾಳಿ ಅಂದರೆ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹೊತ್ತನ್ನೇ ಕವರ್ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಹೊತ್ತು ಬದಲಿಸುವುದಾಗಲಿ, ಮಾತ್ರೆ ನಿಲ್ಲಿಸುವುದಾಗಲಿ ಅವರನ್ನು ಕೇಳದೆ ಮಾಡಬೇಡಿ ಅಂತಲೂ ಹೇಳಿ ಕಳಿಸುತ್ತೇನೆ.