ಏನೂ ಕೇಳಬೇಡ, ನಿಂತು ಬಾ

"ನನ್ನ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ಚು ಮಗಾ. ಏನೂ ಕೇಳಬೇಡ. ಸುಮ್ನೆ ಐದು ನಿಮಿಷ ನಿಂತು ಬಾ."

ಜೂನ್ ಮೊದಲ ವಾರ, ಶಾಲೆಯಲ್ಲಿ ನನಗೆ ಪಾಠ ಹೇಳಿದ ಕನ್ಯಾಸ್ತ್ರೀ, ನಮ್ಮ ಸಿಸ್ಟರ್, ಫೋನಿನಲ್ಲಿ ಹೇಳಿದ್ದು ಇಷ್ಟೇ. ಮಂಡಿನೋವು ಜಾಸ್ತಿಯಾಗಿ ಈ ಸಲ ದೋರನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ ಹೋಗಲು ಅವರಿಂದ ಆಗಲಿಲ್ಲ. ಹಾಗಾಗಿ ನಾನು ಹೊರಟೆ.

ಜೂನ್ 13 ಸಂತ ಅಂತೋಣಿಯವರ ಹಬ್ಬ. ಅವತ್ತು ಕೆ.ಆರ್. ನಗರದ ಕಡೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಮೈಸೂರಿನಿಂದ ರೈಲು ಹಿಡಿದೆ. ಸಾಗರಕಟ್ಟೆ ಹತ್ತಿರ ಕನ್ನಂಬಾಡಿಯ ಹಿನ್ನೀರು ಕಾಣಿಸಿತು. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ನೀರು ದೂರ ಸರಿದು, ಒಡೆದ ಮಣ್ಣು ಬಿಸಿಲಿಗೆ ಬಿದ್ದಿತ್ತು. ಎದುರು ಕೂತಿದ್ದ ಅಜ್ಜಿಯ ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಮೇಣದ ಬತ್ತಿಯ ಕಟ್ಟು. ನಮ್ಮ ಕಡೆ ಇದನ್ನು ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ.

ದೋರನಹಳ್ಳಿಯ ಕಥೆ ಅವ್ವನಿಂದ ಕೇಳಿದ್ದು. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ಬೊಂಬೆಯೊಂದು ಸಿಕ್ಕಿತಂತೆ. ಮಕ್ಕಳಿಗೆ ಆಡಿಕೊಳ್ಳಲು ಕೊಟ್ಟನಂತೆ. ಆಮೇಲೆ ಸನ್ಯಾಸಿಯೊಬ್ಬರು ಕನಸಿನಲ್ಲಿ ಬಂದು, ನನಗೊಂದು ಗುಡಿ ಕಟ್ಟು ಅಂದರಂತೆ. 2019ರಲ್ಲಿ ಆ ದೇವಾಲಯಕ್ಕೆ ಬಸಿಲಿಕಾ, ಅಂದರೆ ಪೋಪ್ ಕೊಡುವ ವಿಶೇಷ ಚರ್ಚಿನ ಪದವಿ ಸಿಕ್ಕಿತು. ಅವ್ವನಿಗೆ ಮಾತ್ರ ಅದು ಕೊನೆತನಕ ಅಂತೋಣಪ್ಪನ ಗುಡಿ.

ನಾವು ಕ್ರೈಸ್ತರಲ್ಲ. ಮಂಡ್ಯ ಪಕ್ಕದ ಹಳ್ಳಿಯವರು, ಕಬ್ಬು ಬೆಳೆಯುವ ಮನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಸಿಸ್ಟರ್ ನಮ್ಮ ಶಾಲೆಗೆ ಬಂದರು. ಊರು ಮಂಗಳೂರು ಕಡೆ, ಮನೆಮಾತು ಕೊಂಕಣಿ. ಅವರ ಕನ್ನಡ ಪುಸ್ತಕ ಓದಿದ ಹಾಗಿತ್ತು. ನಾವು "ಐತೆ", "ಎತ್ಲಾಗೆ", "ಬತ್ತೀನಿ ಕಣಿ" ಅಂದರೆ ಅವರು ನಿಂತು ಕೇಳುತ್ತಿದ್ದರು. ನಗುತ್ತಿರಲಿಲ್ಲ, ತಿದ್ದುತ್ತಲೂ ಇರಲಿಲ್ಲ. ಸಣ್ಣ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆರು ತಿಂಗಳಲ್ಲಿ ಸಂತೆಯಲ್ಲಿ ನಿಂತು ನಮ್ಮಂತೆಯೇ ಮಾತಾಡಿ ತರಕಾರಿ ತಂದರು.

ಚಿನ್ನಾಮಿ ಎಂಬ ಪಾದ್ರಿಯ ಕಥೆಯನ್ನು ಅವರೇ ಹೇಳಿದ್ದು. ಲಿಯೊನಾರ್ಡೊ ಚಿನ್ನಾಮಿ ಇಟಲಿಯವರು, ಯೇಸುಸಭೆ ಅನ್ನುವ ಕ್ರೈಸ್ತ ಗುರುಗಳ ಸಂಘದವರು. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ವ್ಯಾಕರಣ ಬರೆದರು, ನಿಘಂಟು ಮಾಡಿದರು. "ಅಷ್ಟು ದೂರದಿಂದ ಬಂದವರು ಕಲಿತರು, ಘಟ್ಟ ಇಳಿದರೆ ಸಿಗುವ ಊರಿನವಳು ನಾನು, ಕಲಿಯದೆ ಇದ್ದರೆ ಹೇಗೆ?" ಅನ್ನುತ್ತಿದ್ದರು. ಶ್ರೀರಂಗಪಟ್ಟಣ ನಮಗೆ ಟಿಪ್ಪುವಿನ ಊರು, ರಂಗನಾಥನ ಊರು. ಒಬ್ಬರು ನಮ್ಮ ಮಾತು ಕಲಿಯಲು ಕೂತ ಊರು ಅಂತ ಅವತ್ತೇ ಗೊತ್ತಾಗಿದ್ದು.

ಭಿನ್ನರಾಶಿ ಅವರು ಕಲಿಸಿದ್ದು ಅಚ್ಚುಬೆಲ್ಲದಲ್ಲಿ. ಮೇಜಿನ ಮೇಲೆ ಪೇಪರ್ ಹಾಸಿ, ಬೆಲ್ಲದ ಅಚ್ಚನ್ನು ಚಾಕುವಿನಿಂದ ಕುಟ್ಟಿ ಎರಡು ಮಾಡುವರು. ಆಮೇಲೆ ನಾಲ್ಕು. "ಇದರಲ್ಲಿ ಮೂರು ತಗೊಂಡ್ರೆ ಎಷ್ಟು?" "ಮುಕ್ಕಾಲು ಸಿಸ್ಟರ್!" ಸರಿ ಹೇಳಿದವರಿಗೂ ಚೂರು, ತಪ್ಪು ಹೇಳಿದವರಿಗೂ ಚೂರು. ಬಲಗೈಯ ತೆಳು ಬೆಳ್ಳಿ ಉಂಗುರದ ಅಂಚಿಗೆ ಬೆಲ್ಲದ ಪುಡಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿರುತ್ತಿತ್ತು. ಅದು ಅವರು ಕನ್ಯಾಸ್ತ್ರೀಯಾಗಿ ಕೊನೆಯ ವ್ರತ ತೊಟ್ಟ ದಿನ ಹಾಕಿದ ಉಂಗುರ ಅಂತ ಆಗ ನಮಗೆ ತಿಳಿಯದು.

ಏಳನೇ ಕ್ಲಾಸಿನಲ್ಲಿ ಅಪ್ಪನಿಗೆ ಕಾಯಿಲೆ ಬಿತ್ತು. ನನ್ನನ್ನು ಶಾಲೆ ಬಿಡಿಸಿ ಆಲೆಮನೆಗೆ ಕಳಿಸಿದರು. ಕಬ್ಬಿನ ಸಿಪ್ಪೆ ಹರವಿ ಒಣಗಿಸುವ ಕೆಲಸ. ನಾಲ್ಕನೇ ದಿನ ಸಾಯಂಕಾಲ ಕೊಪ್ಪರಿಗೆಯ ಹೊಗೆ ಮಧ್ಯೆ ಬಿಳಿ ಸೀರೆ ಕಾಣಿಸಿತು. ಕೈಯಲ್ಲಿ ಹಾಜರಿ ಪುಸ್ತಕ. ಬೈಯಲಿಲ್ಲ. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ನಾಲ್ಕು ಮನೆ ತೋರಿಸಿ, "ಇಲ್ಲಿ ಏನು ಬರೀಲಿ ಹೇಳು" ಅಂದರು. ನನಗೆ ಅಳು ಬಂತು.

ಅವ್ವ ಅವರನ್ನು ಕಂಡು ಗಾಬರಿಯಾಗಿ, "ಸಿಸ್ಟರಮ್ಮ, ನಾನೂ ಅಂತೋಣಪ್ಪಂಗೆ ಹರಕೆ ಹೊತ್ತಿವ್ನಿ. ಇವಳಪ್ಪ ಎದ್ದು ಓಡಾಡ್ಲಿ, ಆಗ ಕಳಿಸ್ತೀನಿ" ಅಂದಳು. ಸಿಸ್ಟರ್ ಹರಕೆಗೆ ಒಂದು ಮಾತೂ ಅನ್ನಲಿಲ್ಲ. "ಅವರು ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು ಕಣವ್ವ. ಈ ಹುಡುಗಿ ಕಳೆದುಹೋಗುವ ಮುಂಚೆ ನಾನೇ ಹುಡುಕಿಕೊಂಡು ಬಂದಿದ್ದೀನಿ" ಅಂದರು. ಮೂರು ಸಂಜೆ ಬಂದರು. ನಾಲ್ಕನೇ ದಿನ ನಾನು ಶಾಲೆಯಲ್ಲಿದ್ದೆ. ಅಪ್ಪ ಓಡಾಡುವಂತಾಗಲು ಇನ್ನೊಂದು ವರ್ಷ ಹಿಡಿಯಿತು. ಅವ್ವ ಹರಕೆ ತೀರಿಸಿದಳು.

ಎಷ್ಟೋ ವರ್ಷ ಕಳೆದ ಮೇಲೆ ಸಿಸ್ಟರ್ ಜೊತೆ ಕೂತಾಗ ಕೇಳಿದೆ, ನಮ್ಮ ಹರಕೆಗೂ ನಿಮ್ಮ ವ್ರತಕ್ಕೂ ಏನು ವ್ಯತ್ಯಾಸ ಅಂತ. "ನಿಮ್ಮವ್ವ ಕೇಳಿ, ಆಮೇಲೆ ಕೊಟ್ಟಳು. ನಾನು ಮೊದಲೇ ಕೊಟ್ಟುಬಿಟ್ಟೆ. ಇನ್ನು ಕೇಳುವುದು ಏನೂ ಉಳಿದಿಲ್ಲ" ಅಂದರು.

ಕನ್ಯಾಸ್ತ್ರೀಯರ ವ್ರತ ಮೂರು. ಬಡತನ, ಬ್ರಹ್ಮಚರ್ಯ, ವಿಧೇಯತೆ. ಕಡಿಮೆ ಅಂದರೂ ಒಂದು ವರ್ಷ ನೊವಿಶಿಯೇಟ್ ಅನ್ನುವ ತರಬೇತಿ, ಆಮೇಲೆ ಮೊದಲ ವ್ರತ. ಅದಾಗಿ ಕನಿಷ್ಠ 3 ವರ್ಷ ಕಳೆದ ಮೇಲೆ ಕೊನೆಯ ವ್ರತ. ಈ ಮೂರರಲ್ಲಿ ವಿಧೇಯತೆ ಏನು ಅಂತ ನಾನು ಕಣ್ಣಾರೆ ಕಂಡಿದ್ದು ಅವರಿಗೆ ಬೇರೆ ಊರಿಗೆ ವರ್ಗವಾದ ದಿನ. ಊರವರು ಅತ್ತರು. ಅವರ ಕಣ್ಣೂ ಕೆಂಪಾಗಿತ್ತು. ಆದರೂ ಒಂದು ತಗಡಿನ ಟ್ರಂಕು, ಒಂದು ಬಟ್ಟೆ ಚೀಲ ಹಿಡಿದು ಬಸ್ಸು ಹತ್ತಿದರು. ನಮ್ಮೂರಲ್ಲಿ ಹತ್ತು ವರ್ಷ ಇದ್ದವರ ಆಸ್ತಿ ಅಷ್ಟೇ.

ಶಾಲೆ ಬಿಟ್ಟ ಮೇಲೆ ಅವರ ಇನ್ನೊಂದು ದಿನ ಶುರುವಾಗುತ್ತಿತ್ತು. ಧರ್ಮಕೇಂದ್ರದ, ಅಂದರೆ ಚರ್ಚಿಗೆ ಸೇರಿದವರ, ಮನೆಮನೆಗೆ ಹೋಗುವರು. ಎದ್ದು ಬರಲಾಗದ ಮುದುಕರಿಗೆ ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿ, ಒಯ್ಯುವರು. ಭಾನುವಾರ ಪೂಜೆಯಾದ ಮೇಲೆ ಮಕ್ಕಳಿಗೆ ಧರ್ಮೋಪದೇಶ. ಸಾವಾದ ಮನೆಗೆ ಹೋದರೆ ಮಾತು ಕಡಿಮೆ. ಬಾಗಿಲ ಪಕ್ಕ ಚಾಪೆ ಮೇಲೆ ಕೂತು ಜಪಸರ ಹಿಡಿಯುವರು. "ನಮೋ ಮರಿಯಾ" ಅಂತ ಮೆಲ್ಲಗೆ ಶುರುವಾದದ್ದು, ಅಳುತ್ತಿದ್ದವರ ಬಾಯಿಗೂ ಬರುತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಂಡಾಗಲೂ ಬಂದು ಹಾಗೇ ಕೂತರು. ಆ ದಿನ ಜಪಸರ ಚೀಲದಿಂದ ತೆಗೆಯಲಿಲ್ಲ. ಅವ್ವನ ಕೈ ಹಿಡಿದುಕೊಂಡಿದ್ದರು.

ಇಷ್ಟೆಲ್ಲ ಓಡಾಡಿ ಪ್ರಾರ್ಥನೆಗೆ ಹೊತ್ತು ಎಲ್ಲಿ ಅಂತ ನನಗೆ ಅನ್ನಿಸುತ್ತಿತ್ತು. ಅದಕ್ಕೆ ಅವರ ಹತ್ತಿರ ಅಂತೋಣಿಯವರದೇ ಕಥೆ ಇತ್ತು. ನಾವು ಆ ಸಂತರನ್ನು ಕಳೆದ ವಸ್ತು ಕೇಳಲು ನೆನೆಯುತ್ತೇವೆ. ಆದರೆ 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದ ಅವರು ಮೇಷ್ಟರಾಗಿದ್ದವರು. ತಮ್ಮ ಸನ್ಯಾಸಿ ಸಂಘದ ಸಹೋದರರಿಗೆ ದೈವಶಾಸ್ತ್ರ ಕಲಿಸಲು, ಆ ಸಂಘ ಕಟ್ಟಿದ ಅಸ್ಸಿಸಿಯ ಫ್ರಾನ್ಸಿಸರು ಅವರಿಗೆ ಒಂದು ಪುಟ್ಟ ಪತ್ರದಲ್ಲಿ ಒಪ್ಪಿಗೆ ಕೊಟ್ಟರು. ಷರತ್ತು ಒಂದೇ, ಓದಿನ ಭರದಲ್ಲಿ ಪ್ರಾರ್ಥನೆಯ ಮನಸ್ಸು ಆರಿಹೋಗಬಾರದು. ಅಂತೋಣಿಯವರು 1231ರ ಜೂನ್ 13ರಂದು ಇಟಲಿಯ ಪಾದುವಾದಲ್ಲಿ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ ಅವರನ್ನು ಸಂತರೆಂದು ಸಾರಿದರು. 1263ರಲ್ಲಿ ಸಮಾಧಿ ತೆರೆದಾಗ ನಾಲಿಗೆ ಮಾತ್ರ ಕೆಡದೆ ಉಳಿದಿತ್ತು ಅನ್ನುತ್ತಾರೆ. "ಮೇಷ್ಟರ ನಾಲಿಗೆ ಅಲ್ವಾ" ಅಂತ ಸಿಸ್ಟರ್ ಇದನ್ನು ಹೇಳುವಾಗ ಮುಖ ಅರಳುತ್ತಿತ್ತು. ಬೆಳಗಿನ ಜಾವ ಎದ್ದು ಒಂದು ಗಂಟೆ ಅವರು ಚಾಪೆಲ್‌ನಲ್ಲಿ ಕೂರುತ್ತಿದ್ದರು ಅಂತ ನನಗೆ ತಿಳಿದದ್ದು ಆಮೇಲೆ.

ಹಬ್ಬದ ದಿನ ದೋರನಹಳ್ಳಿಯಲ್ಲಿ ಸಾಲು ನಿಧಾನ ಸರಿಯಿತು. ಸಂತರ ಮುಂದೆ ಬಂದಾಗ ಅಭ್ಯಾಸಬಲದಿಂದ ಬಾಯಿಗೆ ಬೇಡಿಕೆ ಬಂತು. ಮಗನ ಕೆಲಸ, ಮನೆ ಸಾಲ. ತುಟಿ ಕಚ್ಚಿ ತಡೆದೆ. ಸಿಸ್ಟರ್ ಹೆಸರಿನ ಬತ್ತಿ ಹಚ್ಚಿ ನಿಲ್ಲಿಸಿದೆ. ಗಾಳಿಗೆ ಜ್ವಾಲೆ ಬಗ್ಗಿ ಬಗ್ಗಿ ಎದ್ದಿತು. ಏನೂ ಕೇಳದೆ ಐದು ನಿಮಿಷ ನಿಲ್ಲುವುದು ಎಷ್ಟು ಕಷ್ಟ! ಮೂರನೇ ನಿಮಿಷದ ಹೊತ್ತಿಗೆ ಅವ್ವ ನೆನಪಾದಳು, ಆಲೆಮನೆಯ ಹೊಗೆ ನೆನಪಾಯಿತು. ಆಮೇಲೆ ಒಳಗೆ ಎಲ್ಲ ಸದ್ದು ನಿಂತಿತು. ಹಿಂದಿನವರು ಭುಜ ಮುಟ್ಟಿದಾಗಲೇ ಎಚ್ಚರ.

ಮಾರನೇ ದಿನ ಮೈಸೂರಿನ ಕಾನ್ವೆಂಟಿಗೆ ಹೋದೆ. ಮಂಡ್ಯದ ಅಚ್ಚುಬೆಲ್ಲ ತೆಗೆದುಕೊಂಡು ಹೋಗಿದ್ದೆ.

"ನಿಂತೆಯಾ?" ಅಂದರು.

"ನಿಂತೆ ಸಿಸ್ಟರ್."

ಮತ್ತೇನೂ ಕೇಳಲಿಲ್ಲ. ಅವರನ್ನು ನೋಡಿಕೊಳ್ಳುವ ಎಳೆಯ ಸಿಸ್ಟರ್ ಟೀ ತಂದರು. ಇವರು ಮಡಿಲಲ್ಲಿ ಪೇಪರ್ ಹಾಸಿಕೊಂಡು ಬೆಲ್ಲದ ಅಚ್ಚನ್ನು ಚಮಚದ ಹಿಡಿಯಿಂದ ಕುಟ್ಟಿದರು. ಕೈ ನಡುಗುತ್ತಿತ್ತು, ಚೂರುಗಳು ಸಮ ಬರಲಿಲ್ಲ. ಇದ್ದುದರಲ್ಲಿ ದೊಡ್ಡದನ್ನು ಆ ಎಳೆಯ ಸಿಸ್ಟರ್ ಕೈಗಿಟ್ಟು, ನನ್ನ ಕಡೆ ತಿರುಗಿ, "ಮೂರು ಜನ ಇದ್ದೀವಿ. ಒಬ್ಬರಿಗೆ ಎಷ್ಟು ಪಾಲು?" ಅಂದರು.