ಉದ್ದ ಜಾಸ್ತಿ ಅಂದಿದ್ದರು
ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಡೆರಿಕ್ ಹೆನ್ರಿಯ ಹಳೇ ಕಾಲೇಜು ವಿಡಿಯೊ ನೋಡುತ್ತಾ ಕೂತಿದ್ದೆ. ಅಲಬಾಮಾ ವಿಶ್ವವಿದ್ಯಾಲಯದ ತಂಡ, 2015. ಅವನು ರನ್ನಿಂಗ್ ಬ್ಯಾಕ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹಾಗಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವವನು. ಆ ವರ್ಷ ಅವನು ಓಡಿದ್ದು 2,219 ಗಜ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯೂ ಅವನಿಗೇ. ಆದರೂ ಎಷ್ಟು ಅನುಮಾನ! ಆರಡಿ ಮೂರಿಂಚು ಆಳು, ಇಷ್ಟು ಉದ್ದ ಇದ್ದರೆ ತಿರುಗೋದು ನಿಧಾನ, ಕಾಲಿಗೆ ಏಟು ಜಾಸ್ತಿ, ಒಂದೇ ಸೀಸನ್‌ನಲ್ಲಿ 395 ಸಲ ಚೆಂಡು ಹೊತ್ತು ಮೈ ಸವೆದಿದೆ ಅಂತೆಲ್ಲ. 2016ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 45ನೆಯವನಾಗಿ ಟೆನೆಸ್ಸೀ ಟೈಟನ್ಸ್‌ಗೆ ಹೋದ. 2020ರಲ್ಲಿ ಅದೇ ಉದ್ದ ಕಾಲುಗಳಲ್ಲಿ 2,027 ಗಜ!

ಅದೇ ಅಲಬಾಮಾದ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಟ್ರೆಂಟ್ ರಿಚರ್ಡ್‌ಸನ್‌ನನ್ನು 2012ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮೂರನೆಯವನಾಗಿ ಆರಿಸಿತ್ತು. ಮೂರೇ ಸೀಸನ್‌ಗೆ ಅವನ ಎನ್‌ಎಫ್‌ಎಲ್ ಆಟ ಮುಗಿಯಿತು.

ಕಾಲೇಜಿನಲ್ಲಿ ಮುಂದೆ ನಿಂತು ದಾರಿ ಬಿಡಿಸುವ ಐವರೂ ಗಟ್ಟಿಗರಾಗಿದ್ದರೆ, ಯಾವ ಗಜ ಓಡುವವನ ಕಾಲಿನದು, ಯಾವುದು ಆ ಐವರ ಹೆಗಲಿನದು ಅಂತ ಬೇರೆ ಮಾಡೋದು ಕಷ್ಟ ಅಲ್ವಾ? ನಾನಂತೂ ಮೊದಲ ಡಿಕ್ಕಿ ಆದಮೇಲೆ ಇನ್ನೆಷ್ಟು ದೂರ ಹೋಗುತ್ತಾನೆ ಅನ್ನೋದನ್ನೇ ನೋಡುತ್ತೇನೆ. ಹಾಗೆ ನೋಡಿಯೇ ರಿಚರ್ಡ್‌ಸನ್‌ನನ್ನೂ ಮೆಚ್ಚಿಕೊಂಡಿದ್ದೆ, ಅದು ಬೇರೆ ವಿಷಯ ಬಿಡಿ.